ಕ್ಯಾಂಟನೀಸ್ ಆಡುಮಾತಿನಲ್ಲಿ ಮನಸ್ಸು ಮತ್ತು ಒಪ್ಪಿಗೆ: ಒಂದು ಟಿಪ್ಪಣಿ

1. ವಿಷಯ ಮತ್ತು ವ್ಯಾಪ್ತಿ

ಒಂದು ಕೆಲಸ ಮಾಡಲು ಮನಸ್ಸಿರುವುದು ಬೇರೆ, ಅದಕ್ಕೆ ಒಪ್ಪಿಗೆ ಕೊಡುವುದು ಬೇರೆ. ಮೊದಲನೆಯದು ಒಳಗಿನ ಸ್ಥಿತಿ. ಎರಡನೆಯದು ಇನ್ನೊಬ್ಬರ ಎದುರು ನಡೆಯುವ ಕ್ರಿಯೆ. ಮನಸ್ಸಿದ್ದೂ ಒಪ್ಪಿಗೆ ಕೊಡದವರುಂಟು, ಮನಸ್ಸಿಲ್ಲದೆ ಒಪ್ಪಿಕೊಂಡವರೂ ಉಂಟು. ಈ ವ್ಯತ್ಯಾಸವನ್ನು ಕ್ಯಾಂಟನೀಸ್ ಆಡುಮಾತು ಯಾವ ಪದಗಳಿಂದ, ಯಾವ ವಾಕ್ಯರಚನೆಯಿಂದ, ವಾಕ್ಯದ ತುದಿಯ ಯಾವ ನಿಪಾತಗಳಿಂದ ತೋರಿಸುತ್ತದೆ ಎಂಬುದನ್ನು ಪರಿಶೀಲಿಸುವುದು ಈ ಟಿಪ್ಪಣಿಯ ಉದ್ದೇಶ.

ಕ್ಯಾಂಟನೀಸ್ ಚೀನೀ ಭಾಷಾವರ್ಗದ 'ಯುವೆ' ಶಾಖೆಗೆ ಸೇರಿದ್ದು. ಗ್ವಾಂಗ್‌ಝೌ, ಹಾಂಕಾಂಗ್, ಮಕಾವ್ ನಗರಗಳು ಇದರ ಮುಖ್ಯ ನೆಲೆಗಳು. ಕೌಲಾಲಂಪುರ, ಸ್ಯಾನ್ ಫ್ರಾನ್ಸಿಸ್ಕೊ, ವ್ಯಾಂಕೂವರ್‌ಗಳ ಚೀನೀ ಬಡಾವಣೆಗಳಲ್ಲೂ ಇದು ಬಳಕೆಯಲ್ಲಿದೆ. ಹಾಂಕಾಂಗ್‌ನ 2021ರ ಜನಗಣತಿಯ ಪ್ರಕಾರ, ಐದು ವರ್ಷ ಮತ್ತು ಅದಕ್ಕೆ ಮೇಲ್ಪಟ್ಟ ವಯಸ್ಸಿನವರಲ್ಲಿ ಶೇ. 88.2ರಷ್ಟು ಜನರ ದಿನಬಳಕೆಯ ಭಾಷೆ ಇದೇ. ಇಲ್ಲಿನ ಉದಾಹರಣೆಗಳು ಹಾಂಕಾಂಗ್‌ನ ಮಾತಿಗೆ ಸಂಬಂಧಿಸಿದವು.

ಟಿಪ್ಪಣಿಯ ವಾದ ಇಷ್ಟು: ಮನಸ್ಸನ್ನು ಹೆಸರಿಸುವ ಕ್ರಿಯಾಪದಗಳು ಈ ಭಾಷೆಯಲ್ಲಿ ಧಾರಾಳವಾಗಿವೆ. ಆದರೆ ಮನಸ್ಸಿನ ಬಗ್ಗೆ ಅನುಮಾನ ಎದ್ದಾಗ ಅವು ಹೆಚ್ಚಾಗಿ ಕೆಲಸಕ್ಕೆ ಬರುತ್ತವೆ. ದಿನನಿತ್ಯದ ಒಪ್ಪಿಗೆಯನ್ನು ಹೊರುವುದು ಪ್ರಶ್ನೆಯಿಂದಲೇ ಎತ್ತಿಕೊಂಡ ಒಂದು ಪುಟ್ಟ ಪದ ಮತ್ತು ಅದರ ಹಿಂದೆ ಬರುವ ನಿಪಾತ.

2. ಆಕರ ಮತ್ತು ಲಿಪ್ಯಂತರ

ಕ್ಯಾಂಟನೀಸ್ ಆಡುಮಾತಿನ ದಾಖಲೆ ಸುಮಾರು ಎರಡು ಶತಮಾನದಷ್ಟು ಹಳೆಯದು. ರಾಬರ್ಟ್ ಮಾರಿಸನ್ ಅವರ ಶಬ್ದಸಂಗ್ರಹ 1828ರಲ್ಲಿ, ಬ್ರಿಜ್‌ಮನ್ ಅವರ ಪಾಠಮಾಲೆ 1841ರಲ್ಲಿ, ಡಯರ್ ಬಾಲ್ ಅವರ ಕಲಿಕೆಯ ಪುಸ್ತಕ 1883ರಲ್ಲಿ ಬಂದವು. ಪಾದ್ರಿಗಳು, ವ್ಯಾಪಾರಿಗಳು, ಅಧಿಕಾರಿಗಳು ಸ್ಥಳೀಯರ ಜೊತೆ ಮಾತಾಡಲೆಂದು ಹುಟ್ಟಿದ ಪುಸ್ತಕಗಳಾದ್ದರಿಂದ ಇವುಗಳಲ್ಲಿ ಕೇಳುವುದು, ಒಪ್ಪುವುದು, ಬೇಡ ಎನ್ನುವುದು ಹೆಜ್ಜೆಹೆಜ್ಜೆಗೂ ಸಿಗುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ ಚಾಂಗ್ ಹುಂಗ್-ನಿನ್ (ಸ್ಯಾಮ್ಯುಯೆಲ್ ಚಾಂಗ್) ಹಾಂಕಾಂಗ್ ಕ್ಯಾಂಟನೀಸ್‌ನ ವ್ಯಾಕರಣವನ್ನು 1972ರಲ್ಲಿ ಪ್ರಕಟಿಸಿದರು. ಹೆಲೆನ್ ಕ್ವಾಕ್ 1984ರಲ್ಲಿ ವಾಕ್ಯಾಂತ್ಯದ ನಿಪಾತಗಳ ಅಧ್ಯಯನವನ್ನೂ, ಕೆ. ಕೆ. ಲೂಕ್ 1990ರಲ್ಲಿ ಸಂಭಾಷಣೆಯಲ್ಲಿ ನಿಪಾತಗಳ ಬಳಕೆಯ ವಿಶ್ಲೇಷಣೆಯನ್ನೂ ಹೊರತಂದರು. ಸ್ಟೀಫನ್ ಮ್ಯಾಥ್ಯೂಸ್ ಮತ್ತು ವರ್ಜೀನಿಯಾ ಯಿಪ್ ಅವರ ಸಮಗ್ರ ವ್ಯಾಕರಣದ ಮೊದಲ ಮುದ್ರಣ 1994ರದು.

ಕ್ಯಾಂಟನೀಸ್‌ನಲ್ಲಿ ಆರು ತಾನಗಳಿವೆ. ಹಾಂಕಾಂಗ್‌ನ ಭಾಷಾವಿಜ್ಞಾನ ಸಂಘ 1993ರಲ್ಲಿ ರೂಪಿಸಿದ 'ಯುತ್‌ಪಿಂಗ್' ಪದ್ಧತಿಯಂತೆ ತಾನವನ್ನು ಅಂಕಿಯಿಂದ ಸೂಚಿಸಿದ್ದೇನೆ: 1 ಎತ್ತರದ ಸಮ, 2 ಎತ್ತರಕ್ಕೆ ಏರುವುದು, 3 ನಡುವಿನ ಸಮ, 4 ಕೆಳಕ್ಕೆ ಇಳಿಯುವುದು, 5 ಕೆಳಗಿನಿಂದ ಸ್ವಲ್ಪ ಏರುವುದು, 6 ಕೆಳಗಿನ ಸಮ. ಓದಿಗೆ ಅಡ್ಡಿಯಾಗದಂತೆ ಪದ ಮೊದಲು ಬಂದಾಗ ಮಾತ್ರ ಅಂಕಿ ಕೊಟ್ಟಿದ್ದೇನೆ. ನಿಪಾತಗಳಿಗೆ ಮಾತ್ರ ಎಲ್ಲ ಕಡೆಯೂ ಕೊಟ್ಟಿದ್ದೇನೆ, ಏಕೆಂದರೆ ಅಲ್ಲಿ ತಾನ ಬದಲಾದರೆ ಅರ್ಥವೇ ಬದಲಾಗುತ್ತದೆ. ಕ್ಯಾಂಟನೀಸ್‌ನಲ್ಲಿ ಗ, ದ, ಬ ಮುಂತಾದ ಘೋಷ ಸ್ಪರ್ಶಧ್ವನಿಗಳಿಲ್ಲ. ಅಲ್ಪಪ್ರಾಣ-ಮಹಾಪ್ರಾಣ ಭೇದ ಮಾತ್ರ ಇದೆ. ಹಾಗಾಗಿ ಕ-ಖ, ತ-ಥ ಜೋಡಿಗಳು ಇಲ್ಲಿ ನೇರವಾಗಿ ಒದಗುತ್ತವೆ. 'ಮ್4' ಎಂಬುದು 'ಇಲ್ಲ, ಅಲ್ಲ' ಎಂಬ ನಿಷೇಧ. ತುಟಿ ಮುಚ್ಚಿ ನುಡಿಯುವ, ಸ್ವರವೇ ಇಲ್ಲದ ಅಕ್ಷರ ಅದು.

3. ಮನಸ್ಸನ್ನು ಹೆಸರಿಸುವ ಪದಗಳು

ಮೊದಲನೆಯದು 'ಹಂಗ್2'. ಇದು ಕ್ರಿಯಾಪದದ ಮುಂದೆ ಬರುವ ಸಹಾಯಕ ಪದ. 'ಖೋಯ್5 ಹಂಗ್ ಹೋಯ್3' ಎಂದರೆ ಅವನು (ಅಥವಾ ಅವಳು) ಹೋಗಲು ಸಿದ್ಧ ಎಂದರ್ಥ. ಮಾತಿನ ಸಂದರ್ಭವನ್ನು ಗಮನಿಸಿದರೆ ಈ ಪದ ಸುಮ್ಮನೆ ಬರುವುದಿಲ್ಲ ಎಂಬುದು ಕಾಣುತ್ತದೆ. ಹೋಗುವುದರಲ್ಲಿ ಏನೋ ಕಷ್ಟವಿದೆ, ಖರ್ಚಿದೆ, ಬೇಸರವಿದೆ, ಅಥವಾ ಅವನು ಮೊದಲು ಹಟ ಹಿಡಿದಿದ್ದ ಎಂಬ ಹಿನ್ನೆಲೆ ಅದರ ಜೊತೆಗೇ ಬರುತ್ತದೆ. ಅದಕ್ಕೇ 'ಚುಂಗ್1 ಯೂ1' (ಕೊನೆಗೂ) ಎಂಬ ಪದದ ಜೊತೆ ಇದು ಚೆನ್ನಾಗಿ ಹೊಂದುತ್ತದೆ: ಕೊನೆಗೂ ಮನಸ್ಸು ಮಾಡಿದ. ಮನೆಯ ಮಾತಿನಲ್ಲಿ ನಿಷೇಧರೂಪವೇ ಹೆಚ್ಚು. ಮಗು ಔಷಧಿ ಕುಡಿಯಲು ಒಲ್ಲದೆ ಬಾಯಿ ಬಿಗಿಹಿಡಿದರೆ 'ಮ್ ಹಂಗ್ ಸಿಕ್6 ಯೋಕ್6', ಮಲಗಲು ಒಲ್ಲದಿದ್ದರೆ 'ಮ್ ಹಂಗ್ ಫನ್3'.

ಎರಡನೆಯದು 'ಚೈ3'. ಇದು ಅಪ್ಪಟ ಆಡುಮಾತಿನ ಪದ. ಶಿಷ್ಟ ಬರಹದಲ್ಲಿ ಈ ಅರ್ಥಕ್ಕೆ ಜಾಗವಿಲ್ಲ. 'ಹಂಗ್' ತನ್ನ ಹಿಂದೆ ಇನ್ನೊಂದು ಕ್ರಿಯಾಪದವನ್ನು ಬಯಸುತ್ತದೆ, 'ಚೈ' ಸಾಮಾನ್ಯವಾಗಿ ಒಂಟಿಯಾಗಿ ನಿಲ್ಲುತ್ತದೆ. ಅದರ ಬಳಕೆಯೂ ಬಹುಮಟ್ಟಿಗೆ ಎರಡೇ ಕಡೆ. ಪ್ರಶ್ನೆಯಲ್ಲಿ 'ಚೈ ಮ್ ಚೈ?' ಅಂದರೆ 'ಏನಂತೀಯ, ಒಪ್ಪಿಗೆಯಾ?' ನಿಷೇಧದಲ್ಲಿ 'ಮ್ ಚೈ' ಅಂದರೆ 'ನಾನೊಲ್ಲೆ'. ಆಟದಲ್ಲಿ ಮೋಸ ಹೋದ ಮಗು ಕಾಲು ಝಾಡಿಸಿ ಕೂಗುವುದೂ, ದರ ಹೊಂದದ ಗಿರಾಕಿ ತಲೆಯಾಡಿಸುವುದೂ ಇದೇ ಮಾತಿನಿಂದ. ಚೌಕಾಸಿಯ ಸಂಬಂಧ ಇನ್ನೊಂದು ರೂಪದಲ್ಲಿ ಸ್ಪಷ್ಟವಾಗುತ್ತದೆ: 'ಚೈ ತಕ್1 ಕ್ವೋ3' ಎಂದರೆ ಮಾಡಿದ್ದಕ್ಕೆ ನಷ್ಟವಿಲ್ಲ, ಈ ವ್ಯವಹಾರ ಗಿಟ್ಟುತ್ತದೆ. ಅಂದರೆ ಲಾಭನಷ್ಟ ತೂಗಿ ನೋಡಿದ ಮನಸ್ಸು 'ಚೈ'.

ಮನಸ್ಸಿನ ಕ್ರಿಯಾಪದ ನಿಷೇಧದ ಕಡೆಗೇ ವಾಲುವುದು ಕನ್ನಡ ಓದುಗರಿಗೆ ವಿಚಿತ್ರವೆನಿಸದು. 'ಒಲ್' ಧಾತು ಹಳಗನ್ನಡದಲ್ಲಿ ವಿಧಿರೂಪದಲ್ಲೂ ಬಳಕೆಯಲ್ಲಿತ್ತು. ಇಂದಿನ ಮಾತಿನಲ್ಲಿ ಉಳಿದಿರುವುದು 'ಒಲ್ಲೆ', 'ಒಲ್ಲ', 'ಒಲ್ಲದ' ಎಂಬ ನಿಷೇಧರೂಪಗಳು. ಉತ್ತರ ಕರ್ನಾಟಕದಲ್ಲಿ ಇವು ಇಂದಿಗೂ ಜೀವಂತ. ಎರಡು ಭಾಷೆಗಳ ನಡುವೆ ಇಲ್ಲಿ ಯಾವ ಸಂಪರ್ಕವೂ ಇಲ್ಲ. ಮನಸ್ಸಿದ್ದವರು ಅದನ್ನು ಹೇಳುವ ಬದಲು ಕೆಲಸ ಮಾಡಿಬಿಡುತ್ತಾರೆ. ಮನಸ್ಸಿಲ್ಲದವರಿಗೆ ಮಾತ್ರ ಪದ ಬೇಕಾಗುತ್ತದೆ ಎಂಬ ಸಾಮಾನ್ಯ ಕಾರಣ ಎರಡೂ ಕಡೆ ಕೆಲಸ ಮಾಡಿರಬಹುದು.

ಉಳಿದ ಪದಗಳನ್ನು ಸಂಕ್ಷೇಪವಾಗಿ ನೋಡಬಹುದು. 'ಸೋಂಗ್2' ಬಯಕೆಯನ್ನು ಹೇಳುತ್ತದೆ. ಹೋಗಲು ಆಸೆಯಿಲ್ಲ, ಆದರೂ ಹೋಗಲು ಸಿದ್ಧ ಎಂಬುದನ್ನು 'ಮ್ ಸೋಂಗ್' ಮತ್ತು 'ಹಂಗ್' ಒಟ್ಟಿಗೆ ಬಳಸಿ ಹೇಳಿದರೆ ವಿರೋಧಾಭಾಸವೇನೂ ಇಲ್ಲ. 'ಸೆ2 ತಕ್' ಕೈಯಲ್ಲಿರುವುದನ್ನು ಬಿಟ್ಟುಕೊಡುವ ಮನಸ್ಸು; ದುಡ್ಡು, ಸಮಯ, ಊರು, ಪ್ರೀತಿಯ ಜನರ ವಿಷಯದಲ್ಲಿ ಬರುತ್ತದೆ. ಅದರ ನಿಷೇಧರೂಪಕ್ಕೆ 'ಬಿಟ್ಟುಕೊಡಲು ಜೀವ ಒಪ್ಪದು' ಎಂಬ ಅರ್ಥ. 'ನಿಂಗ್4 ಯೂನ್2' ಎರಡು ಕಷ್ಟಗಳಲ್ಲಿ ಒಂದನ್ನು ಆರಿಸಿಕೊಳ್ಳುವಾಗಿನ 'ಇದಕ್ಕಿಂತ ಅದೇ ವಾಸಿ'. 'ಯೂನ್6 ಯಿ3' ಗಂಭೀರ ಸಂದರ್ಭದ ಪದ. ಮದುವೆಯ ಮಂಟಪ, ಅರ್ಜಿ, ಭಾಷಣ ಅದರ ಜಾಗ. ಅಂಗಡಿಗೆ ಹೋಗಿ ಸೋಯಾ ಸಾಸ್ ತರುತ್ತೀಯಾ ಎಂದು ಕೇಳಿದವರಿಗೆ ಯಾರಾದರೂ 'ಙೋ5 ಯೂನ್ ಯಿ' (ನಾನು ಮನಃಪೂರ್ವಕ ಸಿದ್ಧ) ಎಂದರೆ ಮನೆಯವರು ನಗುತ್ತಾರೆ.

ಉತ್ತಮ ಪುರುಷದಲ್ಲಿ 'ಙೋ ಹಂಗ್' ಎಂಬುದೂ ನಿರಾಳವಾದ ಒಪ್ಪಿಗೆಯಾಗಿ ಕೇಳಿಸದು. 'ನಾನಂತೂ ಸಿದ್ಧ, ಬೇರೆಯವರದ್ದು ಹೇಗೋ' ಅಥವಾ 'ಸರಿ, ಸೋತೆ' ಎಂಬ ಛಾಯೆ ಅದಕ್ಕಿದೆ. ಹಾಗಿದ್ದರೆ ಸಾಮಾನ್ಯ ಒಪ್ಪಿಗೆಯನ್ನು ಹೇಳುವುದು ಹೇಗೆ?

4. ಮೂರು 'ಹೌದು'ಗಳು

ಎಲ್ಲ ಪ್ರಶ್ನೆಗಳಿಗೂ ಒಗ್ಗುವ ಒಂದೇ 'ಹೌದು' ಕ್ಯಾಂಟನೀಸ್‌ನಲ್ಲಿ ಇಲ್ಲ. ಪ್ರಶ್ನೆಯಲ್ಲಿ ಬಂದ ಕ್ರಿಯಾಪದವನ್ನು ಮರಳಿ ಹೇಳುವುದೇ ಉತ್ತರ. 'ಹೋಗ್ತೀಯಾ?' ಎಂದರೆ 'ಹೋಗ್ತೀನಿ' ಎನ್ನುವಂತೆ 'ಹೋಯ್' ಎಂದರೆ ಸಾಕು. ಕ್ರಿಯಾಪದವನ್ನು ಬಿಟ್ಟು ಬಳಸುವ ಪದಗಳು ಮೂರು, ಮೂರಕ್ಕೂ ಬೇರೆ ಬೇರೆ ಕೆಲಸ.

'ಹೈ6' ವಾಸ್ತವವನ್ನು ದೃಢಪಡಿಸುತ್ತದೆ: ನೀವು ಹೇಳಿದ್ದು ನಿಜ. 'ಹೋವ್2' ಸಲಹೆಯನ್ನು ಸ್ವೀಕರಿಸುತ್ತದೆ, ಮೂಲಾರ್ಥ 'ಒಳ್ಳೆಯದು'. 'ತಕ್' ಕೋರಿಕೆಯನ್ನು ಒಪ್ಪುತ್ತದೆ ಅಥವಾ ಅನುಮತಿ ಕೊಡುತ್ತದೆ; ಮೂಲಾರ್ಥ 'ದೊರೆಯುವುದು, ಪಡೆಯುವುದು'. 'ನಾಳೆ ಹೋಗೋಣ, ಹೋವ್ ಮ್ ಹೋವ್?' ಎಂದು ಕೇಳಿದರೆ ಉತ್ತರ 'ಹೋವ್'. 'ಇದನ್ನು ಸ್ವಲ್ಪ ಹಿಡಿದುಕೊಳ್ಳಿ, ತಕ್ ಮ್ ತಕ್?' ಎಂದರೆ ಉತ್ತರ 'ತಕ್'. ಕೇಳುವವರು ತಮ್ಮ ಮಾತು ಸಲಹೆಯೋ ಕೋರಿಕೆಯೋ ಎಂಬುದನ್ನು ಪ್ರಶ್ನೆಯಲ್ಲೇ ತೀರ್ಮಾನಿಸಿರುತ್ತಾರೆ. ಹೇಳುವವರ 'ಹೌದು' ಅದನ್ನು ಅನುಸರಿಸುತ್ತದೆ.

ಇವುಗಳಲ್ಲಿ 'ಹೈ' ಒಪ್ಪಿಗೆಯ ಪದವಲ್ಲ ಎಂಬುದನ್ನು ವಿಶೇಷವಾಗಿ ಗಮನಿಸಬೇಕು. ಫೋನಿನಲ್ಲಿ ಒಬ್ಬರು ಹೇಳುತ್ತಾ ಹೋದಂತೆ ಇನ್ನೊಬ್ಬರು 'ಹೈ, ಹೈ' ಎನ್ನುತ್ತಾರೆ. 'ಕೇಳಿಸಿಕೊಳ್ಳುತ್ತಿದ್ದೇನೆ' ಎನ್ನುವುದಷ್ಟೇ ಅದರ ಅರ್ಥ, ನಮ್ಮ 'ಹೂಂ' ಹಾಗೆ. ನಿಷೇಧದ ಪ್ರಶ್ನೆಯಲ್ಲಿ ಅದು ನಿಷೇಧವನ್ನೇ ದೃಢಪಡಿಸುತ್ತದೆ. 'ನೀನು ಬರಲ್ವಾ?' ಎಂಬುದಕ್ಕೆ 'ಹೈ' ಎಂದರೆ 'ಹೌದು, ಬರಲ್ಲ'. ಇಂಗ್ಲಿಷಿನ 'ಯೆಸ್'ಗೆ 'ಹೈ' ಎಂದು ಕಲಿತು ಬಂದವರು ಇಲ್ಲಿ ಇಲ್ಲದ ಒಪ್ಪಿಗೆಯನ್ನು ಕಂಡುಕೊಳ್ಳುವ ಅಪಾಯವಿದೆ.

'ತಕ್' ಕ್ರಿಯಾಪದದ ಹಿಂದೆಯೂ ಅಂಟಿಕೊಂಡು ಬರುತ್ತದೆ. 'ಹೋಯ್ ತಕ್' ಎಂದರೆ 'ಹೋಗಬಹುದು', ಅಂದರೆ ಹೋಗಲು ಅಡ್ಡಿಯಿಲ್ಲ. ಶಕ್ತಿ ಸಾಲದೆ, ಟಿಕೆಟ್ ಸಿಗದೆ ಹೋಗಲಾಗದಿದ್ದರೆ ಬಳಸುವ ರೂಪ ಬೇರೆ: 'ಹೋಯ್ ಮ್ ತೋವ್2'. ಅನುಮತಿ ಇಲ್ಲದಿರುವುದು ಮತ್ತು ಕೈಲಾಗದಿರುವುದು ಹೀಗೆ ಬೇರೆಬೇರೆಯಾಗಿ ನಿಲ್ಲುತ್ತವೆ. 'ಪಡೆ' ಎಂಬರ್ಥದ ಕ್ರಿಯಾಪದ ಅನುಮತಿ ಮತ್ತು ಸಾಧ್ಯತೆಯ ಸೂಚಕವಾಗಿ ಬೆಳೆದಿರುವುದು ಕ್ಯಾಂಟನೀಸ್‌ನ ಸ್ವತ್ತು ಮಾತ್ರವಲ್ಲ. ವಿಯೆಟ್ನಾಮೀ, ಲಾವೋ, ಥಾಯ್, ಖ್ಮೇರ್ ಭಾಷೆಗಳಲ್ಲೂ ಇದೇ ಬೆಳವಣಿಗೆಯನ್ನು ನಿಕ್ ಎನ್‌ಫೀಲ್ಡ್ 2003ರ ತಮ್ಮ ಗ್ರಂಥದಲ್ಲಿ ವಿವರವಾಗಿ ತೋರಿಸಿದ್ದಾರೆ. ಬೇರೆಬೇರೆ ಕುಲದ ಈ ಭಾಷೆಗಳು ನೆರೆಹೊರೆಯಲ್ಲಿದ್ದು ಹಂಚಿಕೊಂಡ ಲಕ್ಷಣ ಅದು.

ಮಾತು ಕೊಡುವುದಕ್ಕೆ ಮಾತ್ರ ಸ್ವತಂತ್ರ ಕ್ರಿಯಾಪದವಿದೆ: 'ಯಿಂಗ್1 ಸಿಂಗ್4'. ಕೋರಿಕೆಗೆ ಒಪ್ಪಿ, ಮುಂದೆ ಅದನ್ನು ನಡೆಸುವ ಹೊಣೆ ಹೊತ್ತುಕೊಳ್ಳುವುದು ಅದರ ಅರ್ಥ. 'ನೇಯ್5 ಯಿಂಗ್ ಸಿಂಗ್ ಚೋ2 ಙೋ' (ನೀನು ನನಗೆ ಮಾತು ಕೊಟ್ಟಿದ್ದೆ) ಎಂಬುದು ಜಗಳದ ಮಾತು. 'ಹೋವ್' ಎಂದಿದ್ದೆ ಎಂದು ಯಾರನ್ನೂ ಅಷ್ಟು ಗಟ್ಟಿಯಾಗಿ ಹಿಡಿದು ನಿಲ್ಲಿಸಲಾಗದು. ಯೋಜನೆ ಪಕ್ಕಾ ಆಯಿತು ಎಂದು ಇಬ್ಬರೂ ಮುದ್ರೆ ಒತ್ತುವಾಗ ಬರುವ ಮಾತು 'ಯತ್1 ಯೂ1 ಕಮ್2 ವಾ6': ಹಾಗೇ ಆಗಲಿ, ಮಾತು ಮುಗಿಯಿತು.

5. ಪ್ರಶ್ನೆಯೊಳಗೇ ಎರಡು ದಾರಿ

ಮೇಲಿನ ಉದಾಹರಣೆಗಳಲ್ಲಿ ಒಂದೇ ರಚನೆ ಮತ್ತೆ ಮತ್ತೆ ಬಂದಿದೆ: 'ಚೈ ಮ್ ಚೈ', 'ಹೋವ್ ಮ್ ಹೋವ್', 'ತಕ್ ಮ್ ತಕ್'. ಪದವನ್ನೂ ಅದರ ನಿಷೇಧವನ್ನೂ ಪಕ್ಕಪಕ್ಕದಲ್ಲಿಟ್ಟು ಕೇಳುವ ಪದ್ಧತಿ ಇದು. ಎರಡಕ್ಷರದ ಪದವಾದರೆ ಮೊದಲ ಅಕ್ಷರ ಮಾತ್ರ ಮರುಕಳಿಸುತ್ತದೆ: 'ಯಿಂಗ್ ಮ್ ಯಿಂಗ್ ಸಿಂಗ್', 'ಯೂನ್ ಮ್ ಯೂನ್ ಯಿ'.

ಒಪ್ಪಿಗೆಯ ದೃಷ್ಟಿಯಿಂದ ಈ ರಚನೆಗೆ ಮಹತ್ವವಿದೆ. ಪ್ರಶ್ನೆ ತಟಸ್ಥವಾಗಿರುತ್ತದೆ, ಒಪ್ಪುವ ದಾರಿಯೂ ಒಲ್ಲದ ದಾರಿಯೂ ಅದರಲ್ಲೇ ಹೇಳಿಯಾಗಿದೆ. ಉತ್ತರಿಸುವವರು ಎರಡರಲ್ಲಿ ಒಂದನ್ನು ಎತ್ತಿಕೊಳ್ಳಬೇಕು. ಇದಕ್ಕೆ ಬದಲಾಗಿ ಸಾದಾ ವಾಕ್ಯಕ್ಕೆ 'ಮೆ1' ಎಂಬ ನಿಪಾತ ಸೇರಿಸಿ 'ನೇಯ್ ಹಂಗ್ ಮೆ1?' ಎಂದು ಕೇಳಿದರೆ ತಟಸ್ಥತೆ ಹೋಯಿತು. 'ನೀನು ಒಪ್ತೀಯಾ? ನಂಬೋಕೇ ಆಗಲ್ಲ' ಎಂಬ ಧ್ವನಿ ಬರುತ್ತದೆ. ಅದಕ್ಕೆ ತಕ್ಕ ಮರುಮಾತು 'ಙೋ ಹಂಗ್ ಕಾ3': ಒಪ್ಪುತ್ತೇನೆ, ನೀನು ತಪ್ಪು ತಿಳಿದಿದ್ದೀಯ.

ಈ ರಚನೆಗೆ ಇತಿಹಾಸವೂ ಇದೆ. ಹತ್ತೊಂಬತ್ತನೆಯ ಶತಮಾನದ ಪಾಠಪುಸ್ತಕಗಳಲ್ಲಿ ಪೂರ್ಣ ವಾಕ್ಯ ಮೊದಲು ಬಂದು, ನಿಷೇಧ ಕೊನೆಗೆ ಬರುವ ಕ್ರಮ ಹೇರಳ: 'ಊಟ ಮಾಡುವೆಯೋ, ಮಾಡೆಯೋ' ಎನ್ನುವ ಹಾಗೆ ಕರ್ಮಪದ ನಡುವೆ ಉಳಿಯುತ್ತಿತ್ತು. ಇಪ್ಪತ್ತನೆಯ ಶತಮಾನದಲ್ಲಿ ನಿಷೇಧ ಮುಂದಕ್ಕೆ ಸರಿದು, ಎರಡು ಕ್ರಿಯಾಪದಗಳು ಕೂಡಿಕೊಂಡು, ಕರ್ಮಪದ ಕೊನೆಗೆ ಹೋಯಿತು. ಈ ಪಲ್ಲಟವನ್ನು ಹಳೆಯ ಪುಸ್ತಕಗಳ ಆಧಾರದಿಂದ ವಿವರಿಸಿದವರು ಚಾಂಗ್ ಹುಂಗ್-ನಿನ್. ಅವರ ಲೇಖನ 2001ರದು. ಕ್ರಮ ಬದಲಾದರೂ ತತ್ತ್ವ ಬದಲಾಗಲಿಲ್ಲ. ಎರಡೂ ದಾರಿಗಳನ್ನು ಮುಂದಿಟ್ಟೇ ಕೇಳುವ ರೂಢಿ ಹಾಗೇ ಉಳಿಯಿತು.

6. ನಿಪಾತದ ತೂಕ

ಪದದ ಅರ್ಥವೇ ತಾನದ ಮೇಲೆ ನಿಂತಿರುವುದರಿಂದ, ದನಿಯನ್ನು ಎತ್ತಿ ಇಳಿಸಿ ಭಾವ ತೋರಿಸಲು ಕ್ಯಾಂಟನೀಸ್‌ನಲ್ಲಿ ಅವಕಾಶ ಕಡಿಮೆ. ಆ ಕೆಲಸದ ದೊಡ್ಡ ಪಾಲು ವಾಕ್ಯಾಂತ್ಯದ ನಿಪಾತಗಳದು. ಮೂಲ ನಿಪಾತಗಳೇ ಸುಮಾರು ಮೂವತ್ತಿವೆ. ಎರಡು ಮೂರು ಕೂಡಿ ಬಂದಾಗ ಸಂಖ್ಯೆ ಇನ್ನೂ ಏರುತ್ತದೆ.

ಭಾನುವಾರ ಬೆಳಿಗ್ಗೆ 'ಯಮ್2 ಛಾ4'ಗೆ, ಅಂದರೆ ಚಹಾ ಮತ್ತು ಸಣ್ಣ ತಿಂಡಿಗಳ ಊಟಕ್ಕೆ, ಮನೆಮಂದಿಯೆಲ್ಲ ಹೋಗೋಣವೆಂದು ಒಬ್ಬರು ಸೂಚಿಸಿದ್ದಾರೆ ಎಂದುಕೊಳ್ಳೋಣ. ಉತ್ತರಗಳೆಲ್ಲ 'ಹೋವ್' ಎಂದೇ ಆರಂಭವಾಗುತ್ತವೆ.

'ಹೋವ್ ಆ3' ಎಂದರೆ ಸಲೀಸಾದ ಒಪ್ಪಿಗೆ: ಆಗಲಿ, ಹೋಗೋಣ. ಇಲ್ಲಿ ಒತ್ತಾಯವೂ ಇಲ್ಲ, ಬೇಸರವೂ ಇಲ್ಲ.

'ಹೋವ್ ಲಾ1' ಸ್ವಲ್ಪ ಹೊತ್ತು ಒತ್ತಾಯ ನಡೆದ ಮೇಲೆ ಬರುವ ಮಾತು: ಸರಿಯಪ್ಪ, ಬರ್ತೀನಿ. ಕೇಳಿದವರಿಗೆ ಬೇಕಾದ್ದು ಸಿಕ್ಕಿತು. ಆದರೆ ಕೊಟ್ಟವರು ತಾವು ಬಿಟ್ಟುಕೊಟ್ಟಿದ್ದೇವೆ ಎಂಬುದನ್ನೂ ತಿಳಿಸಿದ್ದಾರೆ.

'ಹೋವ್ ಲೋ1' ಎಂದರೆ ಬೇರೆ ದಾರಿಯಿಲ್ಲ, ಆಗಲಿ. ಪರಿಸ್ಥಿತಿ ಹೀಗಿರುವಾಗ ಇನ್ನೇನು ಹೇಳುವುದಿದೆ ಎಂಬ ಧ್ವನಿ ಅದರದು. ಹೆಂಡತಿಯೋ ಗಂಡನೋ ಹೀಗೆಂದರೆ ಇನ್ನೊಬ್ಬರು ಹೊರಡುವ ತಯಾರಿ ಬಿಟ್ಟು ಮುಖ ನೋಡುವುದುಂಟು.

'ಹೋವ್ ವೋ3' ಎಂದರೆ 'ಅರೆ, ಇದು ಒಳ್ಳೆಯ ಯೋಚನೆ'. ತನಗೆ ಹೊಳೆದಿರಲಿಲ್ಲ ಎಂಬ ಮೆಚ್ಚುಗೆ ಇದರಲ್ಲಿದೆ.

ಅದೇ 'ವೋ' ಐದನೆಯ ತಾನಕ್ಕೆ ಬಂದರೆ ವಿಷಯವೇ ಬೇರೆ. 'ಖೋಯ್ ಹಂಗ್ ವೋ5' ಎಂದರೆ 'ಅವನು ಒಪ್ತಾನಂತೆ'. ಇದು ಇನ್ನೊಬ್ಬರ ಮಾತಿನ ವರದಿ. ಹೇಳುವವರು ಅದರ ಸತ್ಯಕ್ಕೆ ಹೊಣೆಯಲ್ಲ. ಕನ್ನಡದ 'ಅಂತೆ' ಮಾಡುವ ಕೆಲಸವನ್ನು ಅಲ್ಲಿ ತಾನದ ಒಂದು ಬದಲಾವಣೆ ಮಾಡುತ್ತದೆ. ಒಪ್ಪಿಗೆಯ ವಿಷಯದಲ್ಲಿ ಈ ನಿಪಾತ ಬಹಳ ಉಪಯುಕ್ತ, ಏಕೆಂದರೆ ಒಬ್ಬರ ಒಪ್ಪಿಗೆಯನ್ನು ಇನ್ನೊಬ್ಬರು ತಂದು ಮುಟ್ಟಿಸುವ ಸಂದರ್ಭ ಸಂಸಾರದಲ್ಲೂ ವ್ಯಾಪಾರದಲ್ಲೂ ದಿನಾ ಬರುತ್ತದೆ. ಮುಂದೆ ಆ ಒಪ್ಪಿಗೆ ಮುರಿದು ಬಿದ್ದರೆ ನಡುವೆ ನಿಂತವರು ಆಗಲೇ ಪಕ್ಕಕ್ಕೆ ಸರಿದಿರುತ್ತಾರೆ.

'ತಕ್' ಪದಕ್ಕೂ ಇಂಥದೇ ಹಂತಗಳಿವೆ. ಬರೀ 'ತಕ್' ಎಂದರೆ ಚುರುಕಾದ ಒಪ್ಪಿಗೆ. 'ತಕ್ ಲಾ1, ತಕ್ ಲಾ1' ಎಂದು ಎರಡೆರಡು ಸಲ ಬಂದರೆ 'ಆಯ್ತು ಬಿಡಪ್ಪ, ಗೊತ್ತಾಯ್ತು' ಎಂಬ ಅಸಹನೆ. ಲೂಕ್ ಅವರ 1990ರ ಅಧ್ಯಯನ 'ಲಾ', 'ಲೋ', 'ವೋ' ಎಂಬ ಮೂರು ನಿಪಾತಗಳನ್ನೇ ಆರಿಸಿಕೊಂಡು, ಅವುಗಳ ಅರ್ಥ ನಿಘಂಟಿನ ಒಂದು ಸಾಲಿನಲ್ಲಿ ಹಿಡಿಯುವಂಥದಲ್ಲ, ಸಂಭಾಷಣೆಯ ಸರದಿಯಲ್ಲಿ ಅವು ಎಲ್ಲಿ ನಿಂತಿವೆ ಎಂಬುದರಿಂದ ತಿಳಿಯಬೇಕು ಎಂಬ ನಿಲುವಿನಿಂದ ಹೊರಡುತ್ತದೆ. ಒಪ್ಪಿಗೆಯ ಉದಾಹರಣೆಗಳು ಆ ನಿಲುವನ್ನು ಗಟ್ಟಿಗೊಳಿಸುತ್ತವೆ. 'ಹೋವ್ ಲಾ1' ಮೊದಲ ಸರದಿಯಲ್ಲೇ ಬಂದರೆ, ಯಾರೂ ಒತ್ತಾಯ ಮಾಡದಿದ್ದರೂ ಒತ್ತಾಯ ನಡೆದಿತ್ತು ಎಂಬ ಭಾವನೆ ಹುಟ್ಟುತ್ತದೆ.

7. ಒಲ್ಲೆ ಎನ್ನುವ ಬಗೆ

ನಿರಾಕರಣೆಗೆ ನೇರ ರೂಪಗಳಿವೆ: 'ಮ್ ತಕ್' (ಆಗದು), 'ಮ್ ಹಂಗ್', 'ಮ್ ಚೈ', 'ಮ್ ಯೀವ್3' (ಬೇಡ). ಸಭ್ಯ ಮಾತಿನಲ್ಲಿ ಹೆಚ್ಚು ಓಡಾಡುವುದು 'ಮ್ ಸೈ2', ಅಂದರೆ 'ಅಗತ್ಯವಿಲ್ಲ'. ಹಾಂಕಾಂಗ್ ಅಂಗಡಿಗಳಲ್ಲಿ ಪ್ಲಾಸ್ಟಿಕ್ ಚೀಲಕ್ಕೆ ಶುಲ್ಕ 2009ರಲ್ಲಿ ಆರಂಭವಾಯಿತು. 2022ರ ಡಿಸೆಂಬರ್ 31ರಿಂದ ಅದು ಚೀಲವೊಂದಕ್ಕೆ ಕನಿಷ್ಠ ಒಂದು ಹಾಂಕಾಂಗ್ ಡಾಲರ್. ಚೀಲ ಬೇಕೋ ಬೇಡವೋ ಎಂದು ಅಂಗಡಿಯವರು 'ಯೀವ್ ಮ್ ಯೀವ್' ರಚನೆಯಲ್ಲಿ ಕೇಳುತ್ತಾರೆ. ಪ್ರಶ್ನೆಯ ಪದವನ್ನೇ ಎತ್ತಿಕೊಂಡು 'ಮ್ ಯೀವ್' ಎನ್ನಬಹುದು; 'ಮ್ ಸೈ, ಮ್ ಕೋಯ್1' (ಅಗತ್ಯವಿಲ್ಲ, ಉಪಕಾರವಾಯಿತು) ಎಂದರೆ ಹೆಚ್ಚು ಮೃದು. ಮೊದಲನೆಯದು ವಸ್ತುವನ್ನು ಒಲ್ಲೆ ಎನ್ನುತ್ತದೆ. ಎರಡನೆಯದು ನಿಮಗೆ ತೊಂದರೆ ಬೇಡ ಎನ್ನುತ್ತದೆ.

ಉಪಚಾರದ ಸಂದರ್ಭದಲ್ಲಿ 'ಮ್ ಸೈ' ಕೊನೆಯ ಮಾತಾಗಿರಬೇಕಿಲ್ಲ. ಹೊಸ ವರ್ಷದ 'ಲೈ6 ಸಿ6', ಅಂದರೆ ಹಣವಿಟ್ಟ ಕೆಂಪು ಲಕೋಟೆ, ಊಟದ ಬಿಲ್ಲು, ಮನೆಗೆ ತಂದ ಹಣ್ಣು, ಇವನ್ನು ಮೊದಲ ಬಾರಿಗೆ ನಿರಾಕರಿಸುವುದು ಮರ್ಯಾದೆಯ ಭಾಗ. ಕೊಡುವವರು ಮತ್ತೆ ಹೇಳುತ್ತಾರೆ. ಕೊನೆಗೆ ಪಡೆಯುವವರು 'ತೋ1 ಚೆ6' ಎಂದು ಸ್ವೀಕರಿಸುತ್ತಾರೆ. ಉಡುಗೊರೆಗೆ 'ತೋ ಚೆ', ಸೇವೆಗೆ 'ಮ್ ಕೋಯ್' ಎಂದು ಕೃತಜ್ಞತೆಯಲ್ಲೂ ಎರಡು ಪದಗಳಿರುವುದರಿಂದ, ಯಾವುದನ್ನು ಒಪ್ಪಿಕೊಂಡರು ಎಂಬುದು ಆ ಪದದಿಂದಲೇ ಗೊತ್ತಾಗುತ್ತದೆ.

ಇದಕ್ಕೆ ವಿರುದ್ಧ ದಿಕ್ಕಿನಲ್ಲಿ, ಒಪ್ಪಿಗೆಯಂತೆ ಕೇಳಿಸಿಯೂ ಯಾವುದಕ್ಕೂ ಕಟ್ಟಿಹಾಕದ ಮಾತುಗಳಿವೆ. 'ತಕ್ ಹಾನ್4 ಯಮ್ ಛಾ' (ಬಿಡುವಾದಾಗ ಚಹಾಕ್ಕೆ ಸೇರೋಣ) ಎಂಬುದು ಪರಿಚಿತರು ಬೀಳ್ಕೊಡುವಾಗಿನ ವಾಡಿಕೆಯ ನುಡಿ. ಅದಕ್ಕೆ 'ಹೋವ್ ಆ3' ಎಂದವರು ದಿನಾಂಕ ಕೇಳುವುದಿಲ್ಲ. 'ಥೈ2 ಹಾ5 ತಿಮ್2 ಸಿನ್1' (ಹೇಗಾಗುತ್ತೋ ನೋಡೋಣ) ಎಂದರೆ ಬಹುತೇಕ ನಿರಾಕರಣೆ. 'ಮೋವ್5 ಸೋ2 ವೈ6' (ಏನಾದರೂ ಅಡ್ಡಿಯಿಲ್ಲ), 'ಸಿ6 ತಾನ್6' (ಯಾವುದಾದರೂ ಸರಿ) ಎಂಬವು ಆಯ್ಕೆಯನ್ನು ಎದುರಿನವರಿಗೆ ದಾಟಿಸುತ್ತವೆ. ತಿಂಡಿಯ ವಿಷಯದಲ್ಲಿ ಇದು ನಿರಪಾಯ. ಗಂಭೀರ ವಿಷಯದಲ್ಲಿ ಮಾತ್ರ 'ಅಡ್ಡಿಯಿಲ್ಲ' ಎಂಬುದನ್ನು 'ಒಪ್ಪಿದ್ದೇನೆ' ಎಂದು ಓದುವುದು ಸರಿಯಲ್ಲ.

8. ಕಾಗದದ ಒಪ್ಪಿಗೆ

ಹಾಂಕಾಂಗ್‌ನಲ್ಲಿ ಆಡುವುದು ಕ್ಯಾಂಟನೀಸ್, ಬರೆಯುವುದು ಬಹುಮಟ್ಟಿಗೆ ಮ್ಯಾಂಡರಿನ್ ವ್ಯಾಕರಣವನ್ನು ಅನುಸರಿಸುವ ಶಿಷ್ಟ ಚೀನೀ. ಆ ಬರಹವನ್ನು ಓದುವಾಗ ಉಚ್ಚಾರ ಕ್ಯಾಂಟನೀಸ್‌ನದು, ಪದಗಳು ಮಾತ್ರ ಬೇರೆ. ಮಾತಿನ 'ಮ್' ಬರಹದಲ್ಲಿ 'ಪತ್1' ಆಗುತ್ತದೆ. 'ಚೈ', ವಾಕ್ಯಾಂತ್ಯದ ನಿಪಾತಗಳು ಬರಹಕ್ಕೆ ಬರುವುದೇ ಇಲ್ಲ.

ಹೀಗಾಗಿ ಕಾಗದದ ಮೇಲಿನ ಒಪ್ಪಿಗೆಗೆ ಇನ್ನೊಂದು ಪದ ಬೇಕಾಯಿತು: 'ಥುಂಗ್4 ಯಿ3'. ಶಸ್ತ್ರಚಿಕಿತ್ಸೆಗೆ ಮುನ್ನ ಸಹಿ ಹಾಕುವ ಪತ್ರ 'ಥುಂಗ್ ಯಿ ಸ್ಯೂ1'. ಸಭೆಯಲ್ಲಿ ಕೈ ಎತ್ತಿ ಅನುಮೋದಿಸುವುದು 'ಚಾನ್3 ಸಿಂಗ್4'. ಅದು ಅಭಿಪ್ರಾಯಕ್ಕೆ ಸಂಬಂಧಿಸಿದ್ದು. ಚೀನೀ ಭಾಷೆ ಹಾಂಕಾಂಗ್‌ನಲ್ಲಿ ಅಧಿಕೃತವಾದದ್ದು 1974ರಲ್ಲಿ. ಚೀನೀ, ಇಂಗ್ಲಿಷ್ ಎರಡೂ ಭಾಷೆಗಳಲ್ಲಿ ಕಾಯಿದೆ ಹೊರಡಿಸುವ ಕ್ರಮ 1989ರಲ್ಲಿ ಆರಂಭವಾಯಿತು. ವಿವಾಹ ಕಾಯಿದೆಯ (ಅಧ್ಯಾಯ 181) ಪ್ರಕಾರ, 16 ತುಂಬಿ 21 ತುಂಬದವರ ಮದುವೆಗೆ ತಂದೆತಾಯಿಯ ಅಥವಾ ಪೋಷಕರ ಲಿಖಿತ ಸಮ್ಮತಿ ಬೇಕು. ವಧೂವರರ ಪ್ರತಿಜ್ಞೆಯಲ್ಲಿ ಬರುವುದು 'ಯೂನ್ ಯಿ'ಯ ಮೊದಲ ಅಕ್ಷರವಾದ 'ಯೂನ್'.

ಪದಗಳ ಈ ಅಂತರಕ್ಕೆ ಸಾಮಾಜಿಕ ತೂಕವೂ ಇದೆ. ಹಾಂಕಾಂಗ್‌ನ ಕಾನೂನು ಸುಧಾರಣಾ ಆಯೋಗ 2019ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ವರದಿಯಲ್ಲಿ ಲೈಂಗಿಕ ಅಪರಾಧಗಳ ಸಂದರ್ಭದಲ್ಲಿ ಸಮ್ಮತಿಗೆ ಶಾಸನಬದ್ಧ ವ್ಯಾಖ್ಯೆ ಕೊಡಬೇಕೆಂದು ಶಿಫಾರಸು ಮಾಡಿತು: ವ್ಯಕ್ತಿ ಮುಕ್ತವಾಗಿ, ಸ್ವಇಚ್ಛೆಯಿಂದ ಒಪ್ಪಿರಬೇಕು, ಒಪ್ಪುವ ಸಾಮರ್ಥ್ಯವೂ ಆ ವ್ಯಕ್ತಿಗೆ ಇರಬೇಕು. ಈ ವ್ಯಾಖ್ಯೆಯ ಎರಡು ಅಂಶಗಳು, ಅಂದರೆ ಒಪ್ಪುವ ಕ್ರಿಯೆ ಮತ್ತು ಅದರ ಹಿಂದಿನ ಮನಸ್ಸು, ಆಡುಮಾತಿನಲ್ಲಿ ಬೇರೆಬೇರೆ ಜಾಗದಲ್ಲಿ ಕುಳಿತಿವೆ ಎಂಬುದನ್ನು ಮೇಲೆ ಕಂಡೆವು. ಕ್ರಿಯೆ 'ಹೋವ್' ಅಥವಾ 'ತಕ್' ಪದದಲ್ಲಿ, ಮನಸ್ಸು 'ಆ3', 'ಲಾ1', 'ಲೋ1' ನಿಪಾತದಲ್ಲಿ. ಹೇಳಿಕೆಯನ್ನು ಶಿಷ್ಟ ಬರಹಕ್ಕಿಳಿಸಿದಾಗ ನಿಪಾತ ಉದುರಿಹೋಗುತ್ತದೆ. 'ಹೋವ್ ಆ3' ಮತ್ತು 'ಹೋವ್ ಲೋ1' ಎರಡೂ ಕಾಗದದ ಮೇಲೆ ಒಂದೇ ಆಗಿಬಿಡುತ್ತವೆ. ಇನ್ನು ಮೌನವನ್ನು ಒಪ್ಪಿಗೆಯೆಂದು ಎಣಿಸುವ 'ಮಕ್6 ಹೋಯ್2' (ಮೌನಸಮ್ಮತಿ) ಎಂಬುದು ಬರಹದ ಪದ. ಎರಡು ದಾರಿಗಳನ್ನು ಮುಂದಿಟ್ಟು ಉತ್ತರ ಕೇಳುವ ಆಡುಮಾತಿನ ಪ್ರಶ್ನೆಗೆ ಮೌನ ಉತ್ತರವಾಗಲಾರದು.

9. ನಿಲುವು

ಈ ಪರಿಶೀಲನೆಯಿಂದ ಮೂರು ಮಾತು ಹೇಳಬಹುದು. ಒಂದು, 'ಹಂಗ್' ಮತ್ತು 'ಚೈ' ಪದಗಳನ್ನು 'ಒಪ್ಪು' ಎಂದು ಅನುವಾದಿಸಿ ಬಿಡುವುದು ಸಾಲದು; ಹಿಂಜರಿಕೆಯ ಹಿನ್ನೆಲೆ ಮತ್ತು ನಿಷೇಧದ ಕಡೆಗಿನ ಒಲವನ್ನು ನಿಘಂಟು ಸೂಚಿಸಬೇಕು. ಎರಡು, ಒಪ್ಪಿಗೆಯ ಪದವನ್ನು ಆರಿಸುವುದರಲ್ಲಿ ಕೇಳುವವರಿಗೂ ಪಾಲಿದೆ. ಆದ್ದರಿಂದ ಪ್ರಶ್ನೆಯನ್ನು ಬಿಟ್ಟು ಉತ್ತರವನ್ನು ಮಾತ್ರ ದಾಖಲಿಸಿದರೆ ಅರ್ಧ ಸಾಕ್ಷ್ಯ ಕಳೆದಂತೆ. ಮೂರು, ಒಪ್ಪಿಗೆಯ ಹಿಂದಿನ ಮನಸ್ಸನ್ನು ತಿಳಿಸುವುದು ನಿಪಾತ ಮತ್ತು ಅದರ ತಾನ. ಕ್ಯಾಂಟನೀಸ್ ಕಲಿಸುವ ಪುಸ್ತಕಗಳು 'ಹೋವ್', 'ತಕ್' ಪದಗಳನ್ನು ಒಂಟಿಯಾಗಿ ಕೊಡುವುದನ್ನು ಬಿಟ್ಟು, ಅವುಗಳ ನಿಪಾತಗಳೊಂದಿಗೆ, ಪ್ರಶ್ನೋತ್ತರದ ಜೋಡಿಯಾಗಿ ಕೊಡಬೇಕು. ಹೇಳಿಕೆಗಳನ್ನು ದಾಖಲಿಸಿಕೊಳ್ಳುವ ದುಭಾಷಿಗಳೂ ನಿಪಾತವನ್ನು ಕೈಬಿಡದೆ ಬರೆದುಕೊಳ್ಳಬೇಕು.